ಒಂದು ಗೇಣು ಹೆಚ್ಚಿಗೆ

ಟೇಪಿನ ತುದಿಯನ್ನು ಗೋಡೆಯ ಮೂಲೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಕ್ಕ ಮತ್ತೊಮ್ಮೆ ಅಳೆದಳು. ಗೋಡೆ ಬೆಳೆದಿರಲಿಲ್ಲ. ಕಿಟಕಿಗೆ ಪರದೆ ಹೊಲಿಯಬೇಕಲ್ಲ, ಅದರ ಅಳತೆ ತೆಗೆದುಕೊಂಡು ಹೋದರಾಯಿತು ಎಂದು ಬೆಳಗ್ಗೆಯೇ ಮೂರು ಮಹಡಿ ಹತ್ತಿ ಬಂದವಳು, ಕೈಯಲ್ಲಿ ಟೇಪು ಇದ್ದ ತಪ್ಪಿಗೆ ಗೋಡೆಯನ್ನೂ ಅಳೆದಿದ್ದಳು. ಅಳೆಯಬಾರದಿತ್ತು. ಖಾಲಿ ಕೋಣೆಯಲ್ಲಿ ಹೊಸ ಸುಣ್ಣದ ವಾಸನೆ, ಕೆಳಗಿನ ಮಹಡಿಯಲ್ಲಿ ಯಾರೋ ಕೆಮ್ಮುವ ಸದ್ದು, ಬಾಗಿಲಿನ ಪಕ್ಕದಲ್ಲಿ ಹಿಂದೆ ಇದ್ದವರು ಬಡಿದು ಬಿಟ್ಟುಹೋದ ಒಂದು ಮೊಳೆ. ಅವಳು ಆ ಮೊಳೆಯನ್ನೇ ನೋಡುತ್ತ ನಿಂತಳು. ಮೊದಲ ಸಲ ಬಂದಾಗ ದಲ್ಲಾಳಿ ಬಾಗಿಲಲ್ಲೇ ನಿಂತು ಕೀಲಿಕೈ ಆಡಿಸುತ್ತಿದ್ದ. ಆ ಅವಸರದಲ್ಲೂ ಅವಳು ಅಳತೆ ತಪ್ಪಿರಲಿಲ್ಲ. ತಲೆಯಲ್ಲಿದ್ದ ಸಂಖ್ಯೆ ಇವತ್ತಿನ ಸಂಖ್ಯೆಯೇ. ಹಾಗಾದರೆ ಹಳೆಯ ಮನೆಯ ನೆಲದ ಮೇಲೆ ಈ ಕೋಣೆಗಳ ಗೆರೆ ಎಳೆದಾಗ ಏನಾಯಿತು? ಬಲಗೈ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ. ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದ್ದೇ ಇಲ್ಲ. ಹೊಲಿಗೆಗೆಂದು, ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಿಕೊಳ್ಳಲೆಂದು, ಸುತ್ತ ಎರಡು ಬೆರಳು ಹೆಚ್ಚಿಗೆ ಬಿಟ್ಟೇ ಗುರುತು ಹಾಕುವ ಕೈ. ಬಟ್ಟೆಗೆ ಎರಡು ಬೆರಳು ಬಿಡುವ ಕೈ ಮನೆಗೆ ಒಂದು ಗೇಣು ಬಿಟ್ಟಿತ್ತು. ಆ ಗೋಡೆಯ ಕಡೆ ಒಂದು ಗೇಣು, ಈ ಗೋಡೆಯ ಕಡೆ ಒಂದು ಗೇಣು. ಇಲ್ಲದ ಜಾಗದಲ್ಲಿ ಅವಳು ಒಂದು ತಿಂಗಳು ಸುಖವಾಗಿ ಸಂಸಾರ ಮಾಡಿದ್ದಳು.

ಗೆರೆ ಎಳೆಯುವ ಯೋಚನೆ ಅವಳದೇ. ಅಪ್ಪ ಅಮ್ಮ ಕಟ್ಟಿಸಿದ ದೊಡ್ಡ ಮನೆ, ಅದರಲ್ಲಿ ಈಗ ಒಬ್ಬಳು. ಖರ್ಚಿಗೆ ಅವಳದೊಂದು ಪದ್ಧತಿ ಇತ್ತು: ಗುಂಡಿ ಬರುವ ತಗಡಿನ ಡಬ್ಬಿಗಳಲ್ಲಿ ಒಂದು ದೀಪಕ್ಕೆ, ಒಂದು ನೀರಿಗೆ, ಒಂದು ದಾರ ಸೂಜಿಗೆ, ಒಂದು ಊಟಕ್ಕೆ, ಒಂದು ಛಾವಣಿಗೆ. ಈ ಛಾವಣಿಯ ಡಬ್ಬಿ ಮಾತ್ರ ಮಹಾ ಹೊಟ್ಟೆಬಾಕ. ಉಳಿದ ಡಬ್ಬಿಗಳನ್ನೆಲ್ಲ ಅದು ನುಂಗುತ್ತ ಬಂತು. ಒಂದು ವರ್ಷ ಊಟದ ಡಬ್ಬಿಗೇ ಬಾಯಿ ಹಾಕಿದಾಗ ಅವಳು ಮನೆ ಮಾರುವುದೆಂದು ತೀರ್ಮಾನಿಸಿದಳು. ಹಲ್ಲಿನ ಡಾಕ್ಟರೊಬ್ಬ ಕೊಂಡ. ಹೊಸದಾಗಿ ಕೊಂಡ ಎರಡು ಕೋಣೆಗಳ ಮನೆಗೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಎಂದು ತಿಳಿಯಲು, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ಹಿಡಿದು, ದೊಡ್ಡ ನಡುಮನೆಯ ನೆಲದ ಮೇಲೆ ಆ ಮನೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆದಳು. ಗೋಡೆಗೆ ಗೆರೆ, ಬಾಗಿಲಿಗೆ ಗೆರೆಯ ನಡುವೆ ಬಿಟ್ಟ ಜಾಗ, ಮೂಲೆಯಲ್ಲಿ ಒಲೆ. ಅಂದಿನಿಂದ ಗೆರೆಯೊಳಗೇ ವಾಸ. ಉಳಿದ ಕೋಣೆಗಳ ಬಲ್ಬು ತೆಗೆದಳು. ಗೆರೆಯನ್ನು ತುಳಿಯುವಂತಿಲ್ಲ, ದಾಟುವಂತಿಲ್ಲ, ಬಾಗಿಲಿನ ಸಂದಿಯಿಂದಲೇ ಓಡಾಟ. ಬಚ್ಚಲಿಗೆ ಹೋಗುವುದೆಂದರೆ ಮಾತ್ರ ಗಡಿ ದಾಟಿ ಪರದೇಶಕ್ಕೆ ಹೋದಂತೆ. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬಳು ಗೆರೆ ತುಳಿದುಕೊಂಡು ನೇರ ಒಳಗೆ ಬಂದಾಗ ಅಕ್ಕನಿಗೆ, ಗೋಡೆ ಒಡೆದುಕೊಂಡು ಬಂದಳೇನೋ ಎನ್ನುವಷ್ಟು ಸಿಟ್ಟು ಬಂದಿತ್ತು. ನಗಬಹುದಿತ್ತು. ಆದರೆ ಜೊತೆಗೆ ನಗಲು ಯಾರೂ ಇರಲಿಲ್ಲ.

ಗೆರೆಯೊಳಗೆ ಮೂರು ದೊಡ್ಡ ಸಾಮಾನು ಉಳಿದಿದ್ದವು: ಅವಳ ಮಂಚ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮತ್ತು ತಂಗಿಯ ಮಂಚ. ಮೇಜು ಇಲ್ಲದಿದ್ದರೆ ಹೊಟ್ಟೆಪಾಡು ಇಲ್ಲ. ನೆಲದಲ್ಲಿ ಕೂತು ಕತ್ತರಿಸಲು ಮಂಡಿ ಎಂದೋ ಕೈಕೊಟ್ಟಿತ್ತು. ತಂಗಿಯ ಮಂಚ ಯಾತಕ್ಕೆ ಎಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಹಿಡಿಸುತ್ತದಲ್ಲ, ಇರಲಿ ಎಂದುಕೊಂಡಿದ್ದಳು. ಈಗ ಹಿಡಿಸುವುದಿಲ್ಲ. ಇವತ್ತೇ ಮಧ್ಯಾಹ್ನ ತಂಗಿ ಬರುತ್ತಾಳೆ, ತನಗೆ ಬೇಕಾದ್ದೇನಾದರೂ ಇದ್ದರೆ ಎತ್ತಿಟ್ಟುಕೊಳ್ಳಲು. ಸಂಜೆಗೆ ಹಳೇ ಸಾಮಾನಿನವನು ಕೈಗಾಡಿ ತರುತ್ತಾನೆ. ಗೆರೆಯ ಹೊರಗಿದ್ದದ್ದೆಲ್ಲ ಅವನಿಗೆ, ಒಳಗಿದ್ದದ್ದು ಮುಟ್ಟುವ ಹಾಗಿಲ್ಲ ಎಂದು ಮಾತಾಗಿತ್ತು.

ಮೆಟ್ಟಿಲಿಳಿದು ಬೀದಿಗೆ ಬಂದಾಗ ಅವಳ ತಲೆಯೊಳಗೆ ಆಗಲೇ ಲೆಕ್ಕ ಶುರುವಾಗಿತ್ತು. ಲೆಕ್ಕ ಅವಳ ಕೈಮೀರಿದ ಚಾಳಿ. ನಾಲ್ಕು ವರ್ಷದ ಹಿಂದೆ, ನಲವತ್ತೆರಡು ವಯಸ್ಸಿನ ತಂಗಿ, ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ, ಮದುವೆ ಬೇಡವೆಂದೇ ಎಲ್ಲರೂ ನಂಬಿದ್ದ ತಂಗಿ, ತಟ್ಟೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಹೇಳಿದ್ದಳು: "ಅಕ್ಕಾ, ನಾನು ಮದುವೆ ಆಗ್ತಿದೀನಿ." ದೋಣಿಗಳ ಎಂಜಿನ್ ರಿಪೇರಿ ಮಾಡುವ ಒಬ್ಬ ವಿಧುರ, ಅರ್ಧ ದಿನದ ಬಸ್ಸು ದೂರದ ಊರು. ಆಗ ಅಕ್ಕನ ಎದೆಯೊಳಗೆ ಏನೋ ಕುಸಿದದ್ದು ನಿಜ. ನೀನು ಹೋದರೆ ನಾನು ಯಾರ ಜೊತೆ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಬಾಯಿಂದ ಹೊರಬಿದ್ದದ್ದು ಮಾತ್ರ ಬೇರೆ: "ಹಾಗಾದ್ರೆ ಕರೆಂಟ್ ಬಿಲ್ಲಿನ ಅರ್ಧ ಯಾರು ಕೊಡೋದು?" ತಂಗಿ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. ಆಮೇಲೆ ನಕ್ಕಳು, ಅವಳು ನಗುವವಳೇ. ಮದುವೆಯಾಗಿ ಹೋದಮೇಲೆ ಪೂರ್ತಿ ಒಂದು ವರ್ಷ ತಿಂಗಳು ತಪ್ಪದೆ ಬಿಲ್ಲಿನ ಅರ್ಧ ಹಣ ಕಳಿಸಿದಳು. ಬೇಡವೆಂದು ಹೇಳಲು ಬಾರದೆ ಅಕ್ಕ ಅದನ್ನು ತೆಗೆದುಕೊಂಡು ದೀಪದ ಡಬ್ಬಿಗೆ ಹಾಕಿದಳು. ಆ ವರ್ಷ ಅವಳು ಕತ್ತಲಾದರೂ ಎಷ್ಟೋ ಹೊತ್ತು ದೀಪ ಹಾಕುತ್ತಿರಲಿಲ್ಲ. ಅದೂ ಉಳಿತಾಯವೆಂದೇ ಬೀದಿಯವರು ತಿಳಿದರು.

ರಸ್ತೆಯ ತಿರುವಿನಲ್ಲಿ, ಗಾಜಿನಂಗಡಿಯ ಮುಂದೆ, ಅವಳು ನಿಂತುಬಿಟ್ಟಳು. ಮೇಜು ಹೋಗಲಿ ಎಂದುಕೊಂಡಳು. ಯೋಚಿಸಿಯೇ ಅಂದುಕೊಂಡಳು, ಆವೇಶದಲ್ಲಲ್ಲ. ತಂಗಿ ಬಂದು ತನ್ನ ಮಂಚ ಗೆರೆಯೊಳಗೆ ಇರುವುದನ್ನು ನೋಡುತ್ತಾಳೆ. ನೋಡಿ, ಇದು ನನಗಾ ಎಂದು ಕೇಳುತ್ತಾಳೆ. ಒಂದು ಸಲ ಕೇಳಿದರೆ ಸಾಕು. ಮೇಜು ಕೊಟ್ಟು ಮಂಚ ಇಟ್ಟುಕೊಳ್ಳುವುದು, ಮಂಡಿ ಹಾಳಾಗಿ ಹೋಗಲಿ. ಗಾಜಿನಲ್ಲಿ ಕಂಡ ಮುಖ ಬಿಗಿದುಕೊಂಡಿತ್ತು, ಸಾಲ ಕೇಳಲು ಹೊರಟವರ ಮುಖದ ಹಾಗೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಡೆದಳು.

ತಂಗಿಗಿಂತ ಮೊದಲು ಅವಳ ಧ್ವನಿ ಮನೆಯೊಳಗೆ ಬಂತು. ಗೇಟಿನಿಂದಲೇ "ಅಕ್ಕಾ, ಹೊಟ್ಟೆ ಹಸೀತಿದೆ!" ಎನ್ನುತ್ತ ಬಂದಳು. ಮೈ ಬಂದಿತ್ತು, ಗಲ್ಲ ತುಂಬಿಕೊಂಡಿತ್ತು. ಸುಖವಾಗಿದ್ದಾಳೆ. ಅದನ್ನು ನೋಡಿ ಸಂತೋಷವಾಯಿತು, ಅಷ್ಟೇ ಹೊಟ್ಟೆಯೂ ಉರಿಯಿತು. ಎರಡನ್ನೂ ಬೇರೆ ಮಾಡಲು ಅಕ್ಕನಿಂದಾಗಲಿಲ್ಲ. ಮೈಮೇಲೆ ಕಂದು ಬಣ್ಣದ ಆ ಕೋಟು, ಹೋಗುವಾಗ ಚಳಿಯ ಊರೆಂದು ಅಕ್ಕನೇ ಹೊಲಿದು ಕೊಟ್ಟದ್ದು. ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿದಿದ್ದಳು. ತಂಗಿ ಚೀಲ ಇಡಲು ಬಗ್ಗಿದಾಗ ಅಕ್ಕನ ಕಣ್ಣು ತಾನಾಗಿ ಪಕ್ಕೆಯ ಹೊಲಿಗೆಗೆ ಹೋಯಿತು. ಅಲ್ಲಿ ತನ್ನ ಹಳೆಯ ಹೊಲಿಗೆಯ ಸೂಜಿ ತೂತುಗಳು ಸಾಲಾಗಿ ಕಾಣುತ್ತಿದ್ದವು, ಅದರಾಚೆ ಬೇರೆ ಯಾರದೋ ಕೈ, ಸ್ವಲ್ಪ ಕಪ್ಪಾದ ದಾರ, ಉದ್ದುದ್ದ ಹೊಲಿಗೆ. ಒಳಗಿನ ಬಟ್ಟೆಯನ್ನೆಲ್ಲ ಬಿಚ್ಚಿ ಅಗಲ ಮಾಡಿಸಿದ್ದಳು.

"ಯಾರು ಬಿಚ್ಚಿದ್ದು ಇದನ್ನ?"

"ಯಾವುದು? ಓ, ಕೋಟಾ. ನಮ್ಮ ಬೀದೀಲಿ ಒಬ್ಬ ಇದಾನೆ."

"ಇಲ್ಲಿಗೆ ತರಬಾರದಿತ್ತಾ?"

"ಒಂದು ಹೊಲಿಗೆ ಬಿಚ್ಚಿಸೋಕೆ ಅರ್ಧ ದಿನ ಬಸ್ಸಲ್ಲಿ ಬರಲಾ? ನೀನೇ ಬೈತಿದ್ದೆ, ಬಸ್ ಚಾರ್ಜ್ ದಂಡ ಅಂತ."

ಬೈಯುತ್ತಿದ್ದೆ, ನಿಜ ಎಂದುಕೊಂಡಳು ಅಕ್ಕ. ಅವನ ಹೊಲಿಗೆ ಸೊಟ್ಟಗಿದೆ ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು. ಅಷ್ಟರಲ್ಲಿ ತಂಗಿಗೆ ನೆಲದ ಗೆರೆಗಳು ಕಂಡಿದ್ದವು. ಒಂದು ಕ್ಷಣ ಬೆಕ್ಕಸ ಬೆರಗಾಗಿ ನಿಂತಳು; ಆಮೇಲೆ, ಯಾರೂ ಹೇಳದೆಯೇ, ಸುತ್ತು ಬಳಸಿ ಬಾಗಿಲಿನ ಸಂದಿಯ ಮುಂದೆ ಬಂದು, ಗಾಳಿಯಲ್ಲಿ ಬೆರಳು ಮಡಚಿ ತಟ್ಟಿದಳು. ನಾಲಿಗೆಯಿಂದ ಟಕ್ ಟಕ್ ಎಂದು ಸದ್ದನ್ನೂ ಮಾಡಿದಳು.

"ಯಾರಾದ್ರೂ ಇದೀರಾ ಮನೇಲಿ?"

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ತಿಂಗಳಿಡೀ ಈ ಮನೆಯ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಬಾ ಎನ್ನಬೇಕಿತ್ತು. "ಚಪ್ಪಲಿ ಹೊರಗೆ ಬಿಡು" ಎಂದಳು. ತಂಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಬ್ಬರೂ ಮೇಜಿನ ತುದಿಯಲ್ಲಿ ಕೂತು ಊಟ ಮಾಡಿದರು. ತಂಗಿ ತನ್ನ ಗಂಡ ಎಂಜಿನ್ನಿನ ಸದ್ದು ಕೇಳಿಯೇ ಅದಕ್ಕೆ ಏನಾಗಿದೆ ಎಂದು ಹೇಳುವುದನ್ನೂ, ಅವನದೇ ಕೆಮ್ಮು ಮಾತ್ರ ಅವನಿಗೆ ಕೇಳಿಸದಿರುವುದನ್ನೂ ಹೇಳಿ ನಕ್ಕಳು. ಅಕ್ಕ ಅವನನ್ನು ಈವರೆಗೆ ಏನೆಂದೂ ಕರೆದಿರಲಿಲ್ಲ. ಹೆಸರಿಲ್ಲ, ಸಂಬಂಧವಿಲ್ಲ, ಫೋನಿನಲ್ಲಿ ಅವನೇ ಸಿಕ್ಕರೆ "ಅವಳಿಗೆ ಕೊಡಿ" ಎನ್ನುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ತಂಗಿಯ ಕಣ್ಣು ಕಿಟಕಿಯ ಕಡೆಗೆ, ಆ ಮಂಚದ ಕಡೆಗೆ ಹೋಯಿತು. ಬೆಳಗ್ಗೆಯೇ ಅಕ್ಕ ಅದಕ್ಕೆ ಒಗೆದ ಹಾಸು ಹಾಸಿದ್ದಳು.

"ನನ್ನ ಮಂಚ ಅಲ್ವಾ ಅದು? ಒಳಗ್ಯಾಕಿದೆ?"

ಕೇಳಿದಳು. ಬೀದಿಯ ತಿರುವಿನಲ್ಲಿ ನಿಂತು ಆಸೆಪಟ್ಟಂತೆಯೇ, ಹೆಚ್ಚು ಕಮ್ಮಿ ಅದೇ ಮಾತಿನಲ್ಲಿ ಕೇಳಿದಳು. ಅಕ್ಕ ಬಾಯಿ ತೆರೆದಳು. ಅವಳ ಬಾಯಿ ಅವಳ ಮಾತನ್ನು ಎಂದೂ ಕೇಳಿದ್ದಲ್ಲ.

"ಗಿರಾಕಿಗಳು ಬಂದ್ರೆ ಕೂತ್ಕೊಳ್ಳೋಕೆ."

"ಅದಕ್ಕೆ ಮಂಚ ಯಾಕೆ? ಒಂದು ಕುರ್ಚಿ ಸಾಕು," ಎಂದು ತಂಗಿ ತಟ್ಟೆ ಎತ್ತಿಕೊಂಡು ಎದ್ದಳು. ಎಷ್ಟು ಸುಲಭವಾಗಿ ಎದ್ದಳು. ಅಕ್ಕ ತನ್ನ ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಒಂದು ಕಡೆಗೆ ಸರಿಸುತ್ತ ಕೂತಳು. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಮಂಚ. ತಂಗಿ ಬೀಳದಿರಲೆಂದು ಗೋಡೆಯ ಕಡೆ, ಅಕ್ಕ ಅಂಚಿಗೆ. ತಂಗಿ ನಿದ್ದೆಯಲ್ಲಿ ಒದೆಯುತ್ತಿದ್ದಳು, ಒದ್ದು ಒದ್ದು ಅಕ್ಕನನ್ನು ಎಷ್ಟೋ ಸಲ ಕೆಳಗೆ ಕೆಡವಿದ್ದಳು. ಹೊಲಿಗೆಯ ಮೊದಲ ಸಂಪಾದನೆಯಲ್ಲಿ ಅಕ್ಕ ಈ ಎರಡನೆಯ ಮಂಚ ಮಾಡಿಸಿದಾಗ, ತಂಗಿ ಅದರ ಮೇಲೆ ಮಲಗಿ ರಾತ್ರಿಯೆಲ್ಲ ಅತ್ತಿದ್ದಳು, ಇಷ್ಟು ದೂರ ಮಲಗಿದರೆ ನಿದ್ದೆ ಬರಲ್ಲ ಎಂದು. ನಡುವೆ ಇದ್ದದ್ದು ಒಂದು ಮೊಳ.

ಹಳೇ ಸಾಮಾನಿನವನು ತನ್ನ ಭಾವನನ್ನು ಜೊತೆಗೆ ಕರೆದುಕೊಂಡು ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಅಪ್ಪನ ಕುರ್ಚಿ, ಕನ್ನಡಿಯ ಬೀರು, ಮುರುಕು ಸೈಕಲ್ಲು, ಕತ್ತರಿಸಿ ಉಳಿದ ಬಟ್ಟೆಗಳ ಗಂಟು, ಒಂದೊಂದೇ ಹೊರಗೆ ಹೋದವು. ತಂಗಿ ತನಗೆಂದು ಅಮ್ಮನ ಕೈಗನ್ನಡಿ ಒಂದನ್ನು ಎತ್ತಿಟ್ಟುಕೊಂಡಳು. ಎಲ್ಲ ಮುಗಿಯುತ್ತ ಬಂದಾಗ ಅಕ್ಕ ಸೀಮೆಸುಣ್ಣ ತೆಗೆದುಕೊಂಡು, ಮಂಡಿ ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಕಿಟಕಿಯ ಕಡೆಯ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸಿ ಒಂದು ಗೇಣು ಒಳಗೆ ಹೊಸ ಗೆರೆ ಎಳೆದಳು. ಆ ಕಡೆಯೂ ಹಾಗೆಯೇ. ತಂಗಿಯ ಮಂಚದ ಎರಡು ಕಾಲು ಗೆರೆಯ ಹೊರಗೆ ಬಿದ್ದವು.

"ಏನಕ್ಕಾ ಅದು?"

"ತಪ್ಪಾಗಿತ್ತು. ಇವತ್ತು ಅಳೆದೆ."

"ಎಷ್ಟು?"

"ಗೇಣು."

ತಂಗಿ ಹಳೆಯ ಗೆರೆಯ ಮಸುಕನ್ನು ನೋಡಿದಳು, ಹೊಸ ಗೆರೆಯನ್ನು ನೋಡಿದಳು, ಅಕ್ಕನ ಕೈಯನ್ನು ನೋಡಿದಳು. "ಅಯ್ಯೋ, ಮನೆಗೂ ಒಳಗೆ ಬಟ್ಟೆ ಬಿಟ್ಟಿದ್ದೀಯಲ್ಲಕ್ಕಾ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಸ್ಕೂಲ್ ಫ್ರಾಕಿಗೆ ಬಿಡ್ತಿದ್ದ ಹಾಗೆ! ಗೊತ್ತಾ ನಿನಗೆ, ನಾನು ಹುಟ್ಟಿದಾಗಿಂದ ನನ್ನ ಅಳತೆಗೆ ಸರಿಯಾಗಿರೋ ಬಟ್ಟೆ ಒಂದೂ ಹಾಕಿಲ್ಲ. ಎಲ್ಲ ಮುಂದಿನ ವರ್ಷದ ಅಳತೆ. ಮುಂದಿನ ವರ್ಷ ಹರಿದು ಹೋಗ್ತಿತ್ತು." ಹಳೇ ಸಾಮಾನಿನವನೂ ಅರ್ಥವಾಗದಿದ್ದರೂ ನಕ್ಕ. ಅಕ್ಕನಿಗೂ ತುಟಿಯಂಚಿನಲ್ಲಿ ನಗು ಬಂತು.

"ಅಮ್ಮಾ, ಈ ಮಂಚ ಅರ್ಧ ಒಳಗೆ ಅರ್ಧ ಹೊರಗೆ. ನಮ್ಮದಾ ನಿಮ್ಮದಾ?" ಎಂದ ಹಳೇ ಸಾಮಾನಿನವನು.

"ನಿಮ್ಮದೇ, ನಿಮ್ಮದೇ," ಎಂದಳು ತಂಗಿ. "ಆದ್ರೆ ಬಾಗಿಲಿಂದ ತಗೊಂಡು ಹೋಗಿ, ಗೋಡೆ ಮೇಲೆ ಹೋಗಬೇಡಿ!"

ಅವರಿಬ್ಬರೂ ಆಟಕ್ಕೆ ಒಪ್ಪಿ ಮಂಚವನ್ನು ಓರೆ ಮಾಡಿ ಬಾಗಿಲಿನ ಸಂದಿಯಲ್ಲಿ ತೂರಿಸಲು ನೋಡಿದರು. ತಂಗಿ ಕೈಬೀಸಿ ನಿರ್ದೇಶನ ಕೊಡುತ್ತಿದ್ದಳು: ಸ್ವಲ್ಪ ಎತ್ತಿ, ಕಾಲು ತಾಗತ್ತೆ, ಹಾಂ, ಹಾಗೆ. ಒಗೆದ ಹಾಸು ಒಂದು ಕಡೆ ಜಾರಿ ನೆಲಕ್ಕೆ ಬಿತ್ತು. ಅದು ಬಿದ್ದ ಸದ್ದು ಯಾರಿಗೂ ಕೇಳಿಸುವಂಥದ್ದಲ್ಲ.

"ಅದು ನಿನಗೆ," ಎಂದಳು ಅಕ್ಕ.

"ಏನು, ಹಾಸಾ?"

"ಮಂಚ. ಗಿರಾಕಿಗಳಿಗಲ್ಲ. ನಿನಗೆ ಅಂತ ಒಳಗೆ ಇಟ್ಟಿದ್ದೆ. ನೀನು ಬಂದ್ರೆ ಅಂತ."

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಮಂಚ ಹೊತ್ತವರಿಬ್ಬರೂ ಸೀಮೆಸುಣ್ಣದ ಬಾಗಿಲಿನಲ್ಲಿ ಸಿಕ್ಕಿಕೊಂಡವರಂತೆ ಅಲ್ಲೇ ನಿಂತರು. "ಇಳಿಸಲಾ ಅಮ್ಮಾ, ಒಯ್ಯಲಾ? ಕೈ ನೋಯ್ತಿದೆ," ಎಂದ ಭಾವ.

ತಂಗಿ ಮೇಜಿನ ಕಡೆ ನೋಡಿದಳು. ಅಕ್ಕನ ಮಂಡಿಯ ಕಡೆ ನೋಡಿದಳು. "ಒಯ್ಯಿರಿ," ಎಂದಳು ಮೆಲ್ಲಗೆ. ಅವರು ಗೆರೆ ತುಳಿದುಕೊಂಡೇ ಹೋದರು. ಅಕ್ಕ ತಡೆಯಲಿಲ್ಲ.

"ಮೇಜು ಕೊಟ್ಟು ಏನು ತಿಂತೀಯಾ?" ಎಂದಳು ತಂಗಿ. ಈಗ ನಗುತ್ತಿರಲಿಲ್ಲ. "ಮಂಚ ಒಳಗಿಟ್ಟಿದ್ದೀಯಾ, ಸರಿ. ಒಂದು ಸಲ ಕರೆದಿದ್ದೀಯಾ? ನಾಲ್ಕು ವರ್ಷದಲ್ಲಿ?"

"ನಿನ್ನ ಮನೆ ಇದು. ಕರೀಬೇಕಾ?"

"ಕರೀಬೇಕು ಅಕ್ಕಾ. ಹೋಗೋವಾಗ ನೀನು ಬಿಲ್ಲು ಕೇಳಿದೆ. ನಾನು ಏನಂತ ತಿಳ್ಕೊಳ್ಳಲಿ? ಕರೀದೆ ಇದ್ರೆ ನನಗೆ ಗೊತ್ತಾಗಲ್ಲ."

ಕರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅಕ್ಕ ಬಿದ್ದ ಹಾಸನ್ನು ಎತ್ತಿ, ಕೊಡವಿ, ತುದಿಗೆ ತುದಿ ಸೇರಿಸಿ ಮಡಚಿದಳು. ಎರಡಾಗಿ, ನಾಲ್ಕಾಗಿ, ಇನ್ನು ಮಡಚಲಾಗದಷ್ಟು ಚಿಕ್ಕದಾಗಿ. ಬಸ್ಸಿನ ಹೊತ್ತಾಗುತ್ತೆ ಎಂದಳು ಕೊನೆಗೆ. ತಂಗಿ ಕೈಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡಳು.

ಹೊರಡುವ ಮುಂಚೆ ಅವಳು ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದಳು. "ಕಂಕುಳ ಹತ್ರ ಹಿಡಿಯುತ್ತೆ. ಇನ್ನು ಬಿಚ್ಚೋಕೆ ಒಳಗೆ ಬಟ್ಟೆ ಇಲ್ವಂತೆ, ನಮ್ಮ ಬೀದಿಯವನು ಆಗಲ್ಲ ಅಂದ. ನೀನೇ ಏನಾದ್ರೂ ಮಾಡು."

"ಚಳಿ ಆಗಲ್ವಾ?"

"ಬಸ್ಸಲ್ಲಿ ಎಂಥ ಚಳಿ. ಆದಾಗ ಫೋನ್ ಮಾಡು, ಬಂದು ತಗೊಂಡು ಹೋಗ್ತೀನಿ."

ಬಂದು ತಗೊಂಡು ಹೋಗ್ತೀನಿ. ಸುಮ್ಮನೆ ಅಂದದ್ದೋ, ಅಕ್ಕನ ಕೈಗೆ ಒಂದು ನೆಪ ಕೊಟ್ಟು ಹೋದದ್ದೋ, ತಂಗಿಯ ಮುಖ ನೋಡಿ ತಿಳಿಯಲಿಲ್ಲ. ಗೇಟಿನ ಹತ್ತಿರ ಅವಳು ಅಕ್ಕನನ್ನು ಒಮ್ಮೆ ಬಿಗಿಯಾಗಿ ಅಪ್ಪಿಕೊಂಡಳು. ಅಕ್ಕನ ತೋಳುಗಳಿಗೆ ಅಪ್ಪುವುದು ಮರೆತೇ ಹೋಗಿತ್ತು. ಬೆನ್ನು ಇಷ್ಟು, ಪಕ್ಕೆ ಇಷ್ಟು, ತೋಳು ಇಷ್ಟು ಎಂದು ಅಳತೆ ಮಾತ್ರ ತೆಗೆದುಕೊಂಡವು.

ಮನೆಗೆ ಬಂದು ಕೋಟನ್ನು ತಿರುವಿಹಾಕಿ ನೋಡಿದಳು. ನಿಜ, ಒಳಗೆ ಏನೂ ಉಳಿದಿರಲಿಲ್ಲ. ಕಂಕುಳಲ್ಲಿ ಒಂದು ತುಂಡು ಕೂಡಿಸಬೇಕು, ಅದೇ ಬಟ್ಟೆಯದು. ಆ ಬಟ್ಟೆ ನಾಲ್ಕು ವರ್ಷದಿಂದ ಜೋಪಾನವಾಗಿ ಉಳಿದೇ ಇತ್ತು, ಗೆರೆಯ ಹೊರಗೆ, ಗಂಟಿನಲ್ಲಿ. ಆ ಗಂಟು ಕೈಗಾಡಿಯಲ್ಲಿ ಹೋಗಿತ್ತು. ಕೈಯಲ್ಲಿದ್ದ ಕೋಟನ್ನು ಹಾಗೆಯೇ ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಅವಳು ಬೀದಿಗಿಳಿದಳು. ಮಂಡಿ ಕಿರುಗುಟ್ಟಿತು. ಅಂಗಡಿಯ ಮುಂದೆ ಅವಳ ಮನೆಯೆಲ್ಲ ರಸ್ತೆಗೆ ಬಂದು ನಿಂತಿತ್ತು. ತಂಗಿಯ ಮಂಚವನ್ನು ಗೋಡೆಗೆ ಒರಗಿಸಿದ್ದರು, ಅದರ ಮೇಲೆ ಆಗಲೇ ಸೀಮೆಸುಣ್ಣದಲ್ಲಿ ಬೆಲೆ ಬರೆದಿತ್ತು. ಅವಳು ಅದನ್ನು ನೋಡಿದಳು, ನೋಡಿ ಮುಂದೆ ಹೋದಳು.

"ಗಂಟು ವಾಪಸು ಬೇಕು."

ಹಳೇ ಸಾಮಾನಿನವನು ಅವಳ ಬರಿಗಾಲನ್ನು ನೋಡಿದ, ಕೈಯಲ್ಲಿದ್ದ ಕೋಟನ್ನು ನೋಡಿದ. ವ್ಯಾಪಾರಿ ಅವನು, ಮುಖ ನೋಡಿದರೆ ಅವನಿಗೆ ಬೆಲೆ ತಿಳಿಯುತ್ತದೆ. ಕೊಂಡದ್ದಕ್ಕೆ ಎರಡರಷ್ಟು ಹೇಳಿದ. ಹೇಳಿ, ಈ ಅಮ್ಮನ ಕೈ ಎಷ್ಟು ಬಿಗಿಯೆಂದು ಬೀದಿಗೆಲ್ಲ ಗೊತ್ತಲ್ಲ, ಚೌಕಾಸಿಗೆ ಸಿದ್ಧನಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಅಕ್ಕ ಸೊಂಟದ ಚೀಲ ಬಿಚ್ಚಿ ಕೇಳಿದಷ್ಟನ್ನೂ ಕೊಟ್ಟಳು. ಅವನಿಗೇ ಒಂದು ಥರ ಆಯಿತು. "ಬರೀ ಚೂರು ಬಟ್ಟೆ ಅಮ್ಮಾ," ಎಂದ. ಹೌದು ಎಂದಳು.

ಬೆಳಕು ಇನ್ನೂ ಇತ್ತು. ಆದರೂ ಅವಳು ಮೇಜಿನ ಮೇಲಿನ ದೀಪ ಹಾಕಿದಳು. ಆ ಇನ್ನೊಬ್ಬನ ಸೊಟ್ಟ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು, ಕಂದು ತುಂಡನ್ನು ಹರಡಿ ಸೀಮೆಸುಣ್ಣ ಹಿಡಿದಳು. ತೋಳುಗಳಲ್ಲಿ ತಂಗಿಯ ಅಳತೆ ಇನ್ನೂ ಬೆಚ್ಚಗಿತ್ತು. ಎಂದಿನ ಚಾಳಿಯಂತೆ ಕೈ ಹೊರಕ್ಕೆ ಸರಿಯಿತು; ಅವಳು ಅದನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದಳು. ನಾಳೆ ಫೋನ್ ಮಾಡಿ ಬಾ ಎನ್ನಬೇಕು. ಅವಳ ಗಂಡನೇ ಎತ್ತಿದರೆ ಏನೆನ್ನುವುದು? ಕೆಮ್ಮು ಹೇಗಿದೆ ಎಂದು ಕೇಳಬಹುದು. ಹೊಲಿಗೆ ನಿಲ್ಲುವಷ್ಟೇ ಅಂಚು ಉಳಿಸಿ, ತಂಗಿಯ ಮೈಗೆ ಎಷ್ಟು ಬೇಕೋ ಅಷ್ಟಕ್ಕೇ ಗೆರೆ ಎಳೆದಳು. ಈ ಸಲ ಒಳಗೆ ಹೆಚ್ಚಿಗೆ ಏನೂ ಬಿಡಲಿಲ್ಲ. ಮತ್ತೆ ಬಿಗಿಯಾದರೆ ಬರಲಿ, ಉಳಿದ ಬಟ್ಟೆ ಇಲ್ಲಿರುತ್ತದೆ.